ಕ್ಯಾನನ್ 15×50 ಐಎಸ್ ಬೈನಾಕ್ಯುಲರ್: ವರ್ಷಗಟ್ಟಲೆ ಬಳಸಿದ ಮೇಲೆ ತಿಳಿಯುವ ಸಂಗತಿಗಳು

ಬೈನಾಕ್ಯುಲರ್ ಅನ್ನು ವಸಿಷ್ಠ ನಕ್ಷತ್ರದ ಕಡೆ ಹಿಡಿಯಿರಿ. ಪಕ್ಕದಲ್ಲೇ, 12 ಆರ್ಕ್ ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ಆರ್ಕ್ ಮಿನಿಟ್) ದೂರದಲ್ಲಿ ಅರುಂಧತಿ. ಐಎಸ್, ಅಂದರೆ ಅಲುಗಾಟ ತಡೆದು ಚಿತ್ರ ನಿಲ್ಲಿಸುವ ಇಮೇಜ್ ಸ್ಟೆಬಿಲೈಸರ್, ಅದರ ಗುಂಡಿ ಒತ್ತುವ ಮೊದಲು ಎರಡೂ ಬೆಳಕಿನ ಎಳೆಗಳಾಗಿ ಕುಣಿಯುತ್ತಿರುತ್ತವೆ. ಒತ್ತಿ ಒಂದೆರಡು ಸೆಕೆಂಡು ಕಾದರೆ ಎಳೆಗಳು ಚುಕ್ಕಿಗಳಾಗಿ ಕೂರುತ್ತವೆ. ಇನ್ನೂ ಸ್ವಲ್ಪ ಹೊತ್ತು ನೋಡಿದರೆ ವಸಿಷ್ಠನ ಮೈಗೇ ಅಂಟಿಕೊಂಡಂತೆ ಮತ್ತೊಂದು ಸಣ್ಣ ಚುಕ್ಕಿ ಬಿಡಿಸಿಕೊಂಡು ಕಾಣುತ್ತದೆ. ಇವೆರಡರ ನಡುವಿನ ಅಂತರ ಬರೀ 14 ಆರ್ಕ್ ಸೆಕೆಂಡು (ಆರ್ಕ್ ಮಿನಿಟಿನ ಅರವತ್ತನೇ ಒಂದು ಪಾಲು ಒಂದು ಆರ್ಕ್ ಸೆಕೆಂಡು). 15 ಪಟ್ಟು ಹಿಗ್ಗಿದಾಗ ಅದು ಮೂರೂವರೆ ಆರ್ಕ್ ಮಿನಿಟ್ ಆಗುತ್ತದೆ. ಒಳ್ಳೆಯ ಕಣ್ಣಿಗೆ ಅಷ್ಟು ಸಾಕು. ಲೆನ್ಸ್ ಈ ವಿವರವನ್ನು ಮೊದಲಿನಿಂದಲೂ ಕೊಡುತ್ತಲೇ ಇರುತ್ತದೆ, ಅದನ್ನು ಅಳಿಸಿಹಾಕುವುದು ಕೈನಡುಕ. ಈ ಸಾಧನಕ್ಕೆ ಕೊಡುವ ಹೆಚ್ಚುವರಿ ಹಣವೆಲ್ಲ ಆ ಒಂದು ಅಳಿಸುವಿಕೆಯನ್ನು ತಡೆಯುವುದಕ್ಕೆ.

ತಡೆಯುವ ಬಗೆ ತಿಳಿದಿದ್ದರೆ ಬಳಕೆಯ ಅರ್ಧ ತೊಂದರೆ ಕಳೆಯುತ್ತದೆ. ಎರಡೂ ಕೊಳವೆಗಳೊಳಗೆ ಒಂದೊಂದು ವಿಶೇಷ ಪ್ರಿಸಂ ಇದೆ: ಎರಡು ಚಪ್ಪಟೆ ಗಾಜು, ಅವುಗಳ ಅಂಚು ಸೇರಿಸುವ ಮಡಿಕೆ ಮಡಿಕೆಯ ಪೊರೆ, ನಡುವೆ ಪಾರದರ್ಶಕ ಸಿಲಿಕೋನ್ ಎಣ್ಣೆ. ಮೇಲೆ-ಕೆಳಗಿನ ಮತ್ತು ಎಡ-ಬಲದ ಅಲುಗಾಟವನ್ನು ಸೆನ್ಸರ್‌ಗಳು ಅಳೆಯುತ್ತವೆ. ಅದಕ್ಕೆ ತಕ್ಕಂತೆ ಗಾಜು ವಾಲಿ, ಎಣ್ಣೆಯ ಪದರ ಬೆಣೆಯ ಆಕಾರ ತಾಳಿ, ಬೆಳಕನ್ನು ವಿರುದ್ಧ ದಿಕ್ಕಿಗೆ ಬಾಗಿಸುತ್ತದೆ. ತಿದ್ದುವ ಮಿತಿ ಎರಡೂ ಕಡೆ 0.7 ಡಿಗ್ರಿ. ಚಂದ್ರಬಿಂಬದ ಅಗಲ ಅರ್ಧ ಡಿಗ್ರಿ ಎಂದುಕೊಂಡರೆ ಕೈನಡುಕಕ್ಕೆ ಇದು ಧಾರಾಳ. ಅಲೆಗೆ ಏಳುಬೀಳುವ ದೋಣಿಗೆ ಮಾತ್ರ ಏನೇನೂ ಸಾಲದು. ದೋಣಿಯಲ್ಲೇ ಹೆಚ್ಚು ಬಳಸುವವರು ಸುಮಾರು 5 ಡಿಗ್ರಿವರೆಗೆ ತಿದ್ದುವ ಫುಜಿನಾನ್ 14×40 ಕಡೆ ನೋಡುವುದೇ ಸರಿ. ಬ್ಯಾಟರಿಯ ಗೊಡವೆಯೇ ಬೇಡ ಎನ್ನುವವರಿಗೆ ಝೈಸ್ 20×60 ಎಸ್ ಇದೆ. ಅದು ಪೂರ್ತಿ ಯಾಂತ್ರಿಕ, ಆದರೆ ತೂಕ 1.6 ಕಿಲೋ ದಾಟುತ್ತದೆ.

ಒಂದು ಅಲುಗಾಟವನ್ನು ಈ ಪ್ರಿಸಂ ತಿದ್ದುವುದೇ ಇಲ್ಲ: ನೋಟದ ಗೆರೆಯ ಸುತ್ತ ಬೈನಾಕ್ಯುಲರ್ ಓರೆಯಾಗಿ ತಿರುಗುವುದು. ಒಂದು ಕೈ ಸೋತು ಕೆಳಗಿಳಿದಾಗ ಆಗುವುದು ಅದೇ. ಹಾಗಾಗಿ ಹಿಡಿತ ಕಲಿಯಲೇಬೇಕು. ಕೈಗಳು ಆದಷ್ಟು ಮುಂದಿನ ಲೆನ್ಸ್‌ಗಳ ಕಡೆ ಇರಲಿ, ಮೊಣಕೈ ಪಕ್ಕೆಲುಬಿಗೆ ತಾಗಿರಲಿ, ಕಣ್ಣುಬಟ್ಟಲು ಹುಬ್ಬಿನ ಕೆಳಗೆ ಹಗುರಾಗಿ ಒರಗಿರಲಿ. 1.2 ಕಿಲೋದಷ್ಟು ತೂಕವನ್ನು ನಿಂತುಕೊಂಡು ಎತ್ತಿ ಹಿಡಿದರೆ ಐದು ನಿಮಿಷಕ್ಕೆ ಭುಜ ಸೋಲುತ್ತದೆ. ಸೋತ ಕೈಯ ತೂಗಾಟ ದೊಡ್ಡದು, ನಿಧಾನದ್ದು. ಚಿತ್ರ ತೇಲಿದಂತೆ ಕಾಣುವುದು ಆಗಲೇ. ಇದಕ್ಕೆ ಮದ್ದು ಒರಗು ಕುರ್ಚಿ, ಇಲ್ಲವೇ ಮಾನೋಪಾಡ್. ಅಡಿಭಾಗದಲ್ಲಿ ಟ್ರೈಪಾಡ್ ತಿರುಪಿನ ತೂತು ಇರುವುದರಿಂದ ಮಾನೋಪಾಡ್ ನೇರವಾಗಿ ಕೂರುತ್ತದೆ. ಒಂಟಿ ಕಾಲು ಭಾರ ಹೊತ್ತು, ಸಣ್ಣ ನಡುಕವನ್ನು ಐಎಸ್ ನೋಡಿಕೊಂಡರೆ ಗಂಟೆಗಟ್ಟಲೆ ಆಕಾಶ ನೋಡಬಹುದು. ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಮೂರು ಕಾಲಿನ ಗಟ್ಟಿ ಟ್ರೈಪಾಡ್ ಮೇಲಿಟ್ಟಾಗ ಮಾತ್ರ ಐಎಸ್ ಆಫ್ ಮಾಡಿ. ತಿದ್ದಲು ಅಲುಗಾಟವೇ ಇಲ್ಲದಿದ್ದಾಗ ಚಿತ್ರ ತಾನಾಗಿ ಮೆಲ್ಲಗೆ ಸರಿದಾಡಬಹುದು.

ಫೋಕಸ್ ವಿಷಯದಲ್ಲಿ ಹೊಸಬರು ಎಡವುವುದು ಹೆಚ್ಚು. ಮೊದಲು ಕಣ್ಣಿನ ಅಂತರ ಹೊಂದಿಸಿ. ಇಲ್ಲಿ ನಡುವಿನ ಕೀಲು ಮಡಚುವುದಿಲ್ಲ, ಕಣ್ಣಿಡುವ ಕಡೆಯ ಲೆನ್ಸ್‌ಗಳನ್ನೇ, ಅಂದರೆ ಐಪೀಸ್‌ಗಳನ್ನೇ ತಿರುಗಿಸಬೇಕು. ಬಲಗಣ್ಣು ಮುಚ್ಚಿ, ನಡುವಿನ ಚಕ್ರದಿಂದ ಎಡಗಣ್ಣಿಗೆ ಫೋಕಸ್ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ ಬಲ ಐಪೀಸಿನ ಡಯಾಪ್ಟರ್ ಉಂಗುರದಿಂದ ಬಲಗಣ್ಣಿಗೆ ಹೊಂದಿಸಿ. ಇಷ್ಟನ್ನೂ ಐಎಸ್ ಆನ್ ಇಟ್ಟುಕೊಂಡೇ ಮಾಡಿ, ಒಂದು ನಕ್ಷತ್ರವನ್ನೇ ಗುರಿಯಾಗಿಟ್ಟುಕೊಂಡು. ಕುಣಿಯುವ ಚುಕ್ಕಿಯ ಮೇಲೆ ಮಾಡಿದ ಫೋಕಸ್ ಕೂದಲೆಳೆಯಷ್ಟು ತಪ್ಪಿರುತ್ತದೆ. ಚಿತ್ರ ನಿಂತ ಮೇಲೆ ಆ ತಪ್ಪು ಎದ್ದು ಕಾಣುತ್ತದೆ. ಫೋಕಸ್ ಸರಿಯಿದ್ದೂ ಚಿತ್ರ ಆಗಾಗ ಅರೆಕ್ಷಣ ಮೆತ್ತಗಾಗಿ ಮತ್ತೆ ಚುರುಕಾಗುವುದುಂಟು. ಪ್ರಿಸಂ ತನ್ನ ಮಿತಿಯ ಅಂಚಿಗೆ ಹೋದಾಗ ಹೀಗಾಗುತ್ತದೆ, ಕೆಡುಕಿನ ಗುರುತಲ್ಲ. ಹಿಡಿತ ಸಡಿಲಿಸಿ ಗುಂಡಿ ಬಿಟ್ಟು ಮತ್ತೆ ಒತ್ತಿದರೆ ಪ್ರಿಸಂ ನಡುವಿನಿಂದ ಹೊಸದಾಗಿ ಶುರು ಮಾಡುತ್ತದೆ.

ಗುಂಡಿ ಬಗ್ಗೆಯೇ ಒಂದು ಮಾತು. ಒತ್ತಿ ತಕ್ಷಣ ಬಿಟ್ಟರೆ ಐಎಸ್ ಸುಮಾರು 5 ನಿಮಿಷ ಆನ್ ಇರುತ್ತದೆ. ಒತ್ತಿಯೇ ಹಿಡಿದಿದ್ದರೆ ಬಿಟ್ಟಾಗ ಆಫ್. ನಿಂತ ವಸ್ತುವಿಗೆ ಮೊದಲನೆಯದು, ಹುಡುಕಾಟಕ್ಕೆ ಎರಡನೆಯದು. ಆಕಾಶದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆ ಸಾಗುವಾಗ ಐಎಸ್ ಆನ್ ಇದ್ದರೆ ನಿಮ್ಮ ತಿರುವನ್ನೂ ಅದು ನಡುಕವೆಂದೇ ಎಣಿಸಿ ಹಿಡಿದು ನಿಲ್ಲಿಸಲು ನೋಡುತ್ತದೆ, ಆಮೇಲೆ ಜಗ್ಗಿದಂತೆ ಬಿಡುತ್ತದೆ. ಹಾರುವ ಹಕ್ಕಿಯ ಬೆನ್ನು ಹತ್ತುವಾಗಲೂ ಇದೇ ಕಾಟ. ಗುರಿ ಸೇರಿದ ಮೇಲೆ ಒತ್ತುವುದು ವಾಡಿಕೆಯಾಗಬೇಕು.

ಎರಡು ಎಎ ಸೆಲ್ ಸಾಕು. ಕೋಣೆಯ ಉಷ್ಣಾಂಶದಲ್ಲಿ ಆಲ್ಕಲೈನ್ ಸೆಲ್ ಸತತವಾಗಿ ಎರಡೂವರೆ ಗಂಟೆಯ ಆಸುಪಾಸು ಓಡುತ್ತದೆ. ಬಿಟ್ಟು ಬಿಟ್ಟು ಒತ್ತುವುದರಿಂದ ನಿಜವಾದ ಬಳಕೆಯಲ್ಲಿ ಎಷ್ಟೋ ರಾತ್ರಿ ಬರುತ್ತದೆ. ಕೊರೆಯುವ ಚಳಿಯಲ್ಲಿ ಆಲ್ಕಲೈನ್ ಬೇಗ ಕೈಕೊಡುತ್ತದೆ, ಅಲ್ಲಿ 1.5 ವೋಲ್ಟಿನ ಲಿಥಿಯಂ ಎಎ ಹಾಕಿ. ದಿನನಿತ್ಯಕ್ಕೆ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್ ಅತ್ಯುತ್ತಮ, ಏಕೆಂದರೆ ಆಲ್ಕಲೈನ್‌ನಷ್ಟು ಸೋರುವುದಿಲ್ಲ. ಸೋರಿದ ಕ್ಷಾರ ಸಂಪರ್ಕ ತಗಡನ್ನು ತಿಂದುಹಾಕಿದರೆ ಎಷ್ಟು ಒಳ್ಳೆಯ ಪ್ರಿಸಂ ಇದ್ದರೂ ಅಲುಗುವುದಿಲ್ಲ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಸೆಲ್ ಹೊರಗೆ ತೆಗೆದಿಡಿ.

ಏನೇನು ಕಾಣುತ್ತದೆ? ಗುರುಗ್ರಹ ಚುಕ್ಕಿಯಾಗಿರದೆ ಸ್ಪಷ್ಟ ಬಿಲ್ಲೆಯಾಗಿ, ನಾಲ್ಕು ದೊಡ್ಡ ಉಪಗ್ರಹಗಳ ಸಾಲಿನೊಂದಿಗೆ ಕಾಣುತ್ತದೆ. ಶನಿ ಉದ್ದನೆಯ ಅಕ್ಕಿಕಾಳಿನಂತೆ ಕಾಣುತ್ತದೆ, ಬಳೆ ಬೇರೆ ಗೋಲ ಬೇರೆ ಎಂದು ಬಿಡಿಸಲಾಗದು. ಅದು ಬೇಕಾದವರಿಗೆ ಟೆಲಿಸ್ಕೋಪೇ ಗತಿ. ನೋಟದ ಹರವು 4.5 ಡಿಗ್ರಿ ಇರುವುದರಿಂದ ಕೃತ್ತಿಕೆಯ ಗುಂಪು ಸುತ್ತಲೂ ಕತ್ತಲು ಬಿಟ್ಟುಕೊಂಡು ಇಡಿಯಾಗಿ ಕೂರುತ್ತದೆ. ಮುಂದಿನ ಲೆನ್ಸಿನ ಅಗಲವಾದ 50 ಮಿಲಿಮೀಟರನ್ನು ಹಿಗ್ಗಿಸುವ ಪಟ್ಟು 15ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ 3.3 ಮಿಲಿಮೀಟರ್. ಮುಸ್ಸಂಜೆಯ ಕಾಡಿಗೆ ಇದು ಕಡಿಮೆಯೇ. ಕ್ಯಾನನ್‌ನದೇ 18×50ರಲ್ಲಿ ಇನ್ನೂ ಕಿರಿದು, 2.8 ಮಿಲಿಮೀಟರ್, ಹರವು 3.7 ಡಿಗ್ರಿ. ಬರೀ ಚಂದ್ರ, ಜೋಡಿ ನಕ್ಷತ್ರ ನೋಡುವವರು 18 ತೆಗೆದುಕೊಳ್ಳಲಿ. ಎಲ್ಲದಕ್ಕೂ ಒಂದೇ ಬೇಕೆಂದರೆ 15 ಮೇಲು.

ಹಗಲಲ್ಲಿ ದೂರದ ಗುಡ್ಡ, ಹಡಗು, ಕೆರೆಯಾಚೆಯ ಹಕ್ಕಿಗಳಿಗೆ ಬೆಳಗಿನ ಹೊತ್ತೇ ಲೇಸು. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯ ಕದಲಿಕೆಯನ್ನು ಯಾವ ಐಎಸ್ ಕೂಡ ನಿಲ್ಲಿಸದು. 6 ಮೀಟರಿಗಿಂತ ಹತ್ತಿರದ್ದು ಫೋಕಸ್ ಆಗದು. ಪೊದೆಯ ಹಕ್ಕಿ, ಚಿಟ್ಟೆಗೆ 2.5 ಮೀಟರಿಗೇ ಫೋಕಸ್ ಆಗುವ ಕ್ಯಾನನ್‌ನದೇ 10×42 ಎಲ್ ಐಎಸ್ ಸೂಕ್ತ. ಐಪೀಸಿನಿಂದ ಕಣ್ಣು ಇರಬೇಕಾದ ದೂರ 15 ಮಿಲಿಮೀಟರ್, ಕನ್ನಡಕದವರಿಗೆ ಇದು ಬಿಗಿ. ಬರೀ ಸಮೀಪದೃಷ್ಟಿ ಅಥವಾ ದೂರದೃಷ್ಟಿ ಇದ್ದರೆ ಕನ್ನಡಕ ತೆಗೆದು ಚಕ್ರದಿಂದಲೇ ಸರಿಪಡಿಸಿಕೊಳ್ಳಿ.

ಸೂರ್ಯನ ವಿಷಯದಲ್ಲಿ ರಿಯಾಯಿತಿ ಇಲ್ಲ. ಮುಂದಿನ ಎರಡೂ ಲೆನ್ಸ್‌ಗಳ ಮೇಲೆ ಸೌರ ಫಿಲ್ಟರ್ ಗಟ್ಟಿಯಾಗಿ ಕೂರದೆ ಅತ್ತ ತಿರುಗಿಸಬೇಡಿ. ಗ್ರಹಣದ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ನೋಡಿದರೆ ಕಣ್ಣು ಹೋಗುತ್ತದೆ. ಮುಂಭಾಗದಲ್ಲಿ 58 ಮಿಲಿಮೀಟರ್ ಫಿಲ್ಟರ್ ತಿರುಪು ಇರುವುದು ಇಲ್ಲಿ ದೊಡ್ಡ ಅನುಕೂಲ: ತಿರುಪಿ ಕೂರಿಸಿದ ಫಿಲ್ಟರ್ ಗಾಳಿಗೆ ಹಾರದು.

ವರ್ಷಗಳು ಕಳೆದಂತೆ ರಬ್ಬರ್ ಹೊದಿಕೆಯ ಯಾವ ಬೈನಾಕ್ಯುಲರ್ ಆದರೂ ಜಿಗುಟಾಗಬಹುದು. ಸೊಳ್ಳೆ ಮುಲಾಮಿನಲ್ಲಿರುವ ಡೀಟ್ ಅದನ್ನು ಬೇಗ ಕೆಡಿಸುತ್ತದೆ. ಮುಲಾಮು ಹಚ್ಚಿದ ಕೈ ತೊಳೆದೇ ಮುಟ್ಟಿ. ತೇವದ ಜಾಗದಲ್ಲಿ ಗಾಜಿಗೆ ಬೂಷ್ಟು ಹಿಡಿಯದಂತೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಬಳಸಿದ್ದನ್ನು ಕೊಳ್ಳುವವರು ಹಗಲಲ್ಲೊಂದು, ರಾತ್ರಿಯಲ್ಲೊಂದು ಪರೀಕ್ಷೆ ಮಾಡಿ. ದೂರದ ವಿದ್ಯುತ್ ತಂತಿಯಂಥ ಅಡ್ಡಗೆರೆಗೆ ಹಿಡಿದು, ಐಎಸ್ ಆನ್ ಮಾಡಿ, ಬೈನಾಕ್ಯುಲರ್ ಅನ್ನು ಕಣ್ಣಿನಿಂದ ಒಂದು ಗೇಣು ದೂರ ಹಿಡಿಯಿರಿ. ಎರಡೂ ವೃತ್ತಗಳಲ್ಲಿ ಗೆರೆ ಒಂದೇ ಮಟ್ಟದಲ್ಲಿರಬೇಕು. ಆಫ್ ಇದ್ದಾಗ ಸರಿಯಿದ್ದು, ಆನ್ ಮಾಡಿದಾಗ ಒಂದು ಕಡೆ ಮೇಲೇರಿದರೆ ಎರಡು ಪ್ರಿಸಂಗಳ ತಾಳ ತಪ್ಪಿದೆ, ತಲೆನೋವು ಖಂಡಿತ. ರಾತ್ರಿ ಒಂದು ನಕ್ಷತ್ರ ನೋಡಿ: ಒಂದೇ ದಿಕ್ಕಿನಲ್ಲಿ, ಮೇಲೆ-ಕೆಳಗೆ ಮಾತ್ರ ಅಥವಾ ಎಡ-ಬಲಕ್ಕೆ ಮಾತ್ರ, ಪಟಪಟನೆ ಹಾರುತ್ತಿದ್ದರೆ ಮೊದಲು ಹೊಸ ಸೆಲ್ ಹಾಕಿ ಮತ್ತೆ ನೋಡಿ. ಆಗಲೂ ನಿಲ್ಲದಿದ್ದರೆ ಆ ದಿಕ್ಕಿನ ಸೆನ್ಸರ್ ಅಥವಾ ಪ್ರಿಸಂ ವಾಲಿಸುವ ಭಾಗ ಕೆಟ್ಟಿದೆ ಎಂದೇ ಲೆಕ್ಕ. ಮನೆಯಲ್ಲಿ ಬಿಚ್ಚಿ ರಿಪೇರಿ ಮಾಡುವ ವಸ್ತು ಇದಲ್ಲ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.