ಸ್ಟಾರ್ಟರ್ ಪದೇ ಪದೇ ಸುಡೋ ಹಳೇ ಕಾರು ಇದ್ರೆ ಮೊದ್ಲು ಒಂದು ಮಲ್ಟಿಮೀಟರ್ ತಗೊಳ್ಳಿ

ವೋಲ್ಟೇಜ್, ರೆಸಿಸ್ಟೆನ್ಸ್ ಅಳೆಯೋ ಸಾದಾ ಡಿಜಿಟಲ್ ಮಲ್ಟಿಮೀಟರ್ ಇದು, ಡಿಸಿ 20 ವೋಲ್ಟ್ ರೇಂಜು, ಕಂಟಿನ್ಯುಟಿ ಬೀಪು (ವೈರ್ ತುಂಡಾಗಿಲ್ಲ ಅಂದ್ರೆ ಕೂಗತ್ತೆ), ಅಷ್ಟೇ. ವರ್ಷಗಟ್ಲೆಯಿಂದ ಕಾರಿನ ಡಿಕ್ಕಿಲೇ ಇದೆ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತಿರೋದು ಯಾಕಂದ್ರೆ ನಮ್ಮ ಹಳೇ ಪೆಟ್ರೋಲ್ ಕಾರಿಗೆ ಎಷ್ಟು ಸ್ಟಾರ್ಟರ್ ಮೋಟರ್ (ಕೀ ತಿರುಗಿಸಿದಾಗ ಇಂಜಿನ್ನನ್ನ ಮೊದ್ಲು ತಿರುಗಿಸೋ ಮೋಟರ್) ಹಾಕಿದ್ರೂ ಬಾಳಿಕೆ ಬರ್ತಿರ್ಲಿಲ್ಲ, ಅದರ ಮೂಲ ಸಿಕ್ಕಿದ್ದು ಇದರಿಂದ.

ಕೀ ತಿರುಗಿಸಿದ್ರೆ ಟಕ್ ಅಂತ ಒಂದು ಸೌಂಡು, ಇಲ್ಲಾಂದ್ರೆ ಇಂಜಿನ್ನು ಎಳ್ಕೊಂಡು ಎಳ್ಕೊಂಡು ತಿರುಗೋದು, ಗ್ಯಾರೇಜಲ್ಲಿ ಬಿಚ್ಚಿದ್ರೆ ಮೋಟರ್ ಒಳಗೆ ಕರೆಂಟ್ ಕೊಡೋ ಬ್ರಷ್ ಸವೆದಿರ್ತಿತ್ತು, ಸೊಲೆನಾಯ್ಡ್ (ಮೋಟರಿಗೆ ಕರೆಂಟ್ ಬಿಡೋ ದೊಡ್ಡ ಸ್ವಿಚ್ಚು) ಕಾಂಟ್ಯಾಕ್ಟ್ ಸುಟ್ಟಿರ್ತಿತ್ತು, ಅದೇನೂ ಸುಳ್ಳಲ್ಲ, ಬದಲಾಯಿಸಿದ್ರೆ ಒಂದಷ್ಟು ತಿಂಗಳು ಸರಿ, ಆಮೇಲೆ ಮತ್ತದೇ. ಯಾಕೆ ಸುಡ್ತಿದೆ ಅಂತ ಮಾತ್ರ ಯಾರೂ ನೋಡ್ಲಿಲ್ಲ, ಅದು ನಿಜಕ್ಕೂ ಬೇಜಾರಿನ ವಿಷ್ಯ.

ಬ್ಯಾಟರಿ 12.6 ವೋಲ್ಟ್ ತೋರಿಸ್ತಿತ್ತು, ಅಂದ್ರೆ ಫುಲ್ ಚಾರ್ಜು. ಇಂಜಿನ್ ಸ್ಟಾರ್ಟ್ ಆಗದಿರ್ಲಿ ಅಂತ ಫ್ಯುಯೆಲ್ ಪಂಪ್ ಫ್ಯೂಸ್ ತೆಗೆದು, ಗೇರ್ ನ್ಯೂಟ್ರಲ್ಲು, ಹ್ಯಾಂಡ್‌ಬ್ರೇಕ್ ಹಾಕಿ, ಮನೆಯವ್ರೊಬ್ರು ಕೀ ತಿರುಗಿಸಿ ಹಿಡ್ಕೊಂಡಾಗ ಮೀಟರಿನ ಒಂದು ಮೊನೆ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರ್ ಬಾಡಿಗೆ ಇಟ್ಟೆ. ಅಲ್ಲಿ 0.2, ಹೆಚ್ಚಂದ್ರೆ 0.3 ವೋಲ್ಟ್ ಬರ್ಬೇಕು, ಬಂದಿದ್ದು 1 ವೋಲ್ಟಿಗಿಂತ ಜಾಸ್ತಿ, ಅಂದ್ರೆ ಅಷ್ಟು ವೋಲ್ಟೇಜ್ ದಾರೀಲೇ ಹೋಗ್ತಿತ್ತು! ಇಂಜಿನ್ನಿನ ಅರ್ತ್ ವೈರ್ (ಕರೆಂಟು ಬ್ಯಾಟರಿ ನೆಗೆಟಿವ್ಗೆ ವಾಪಸ್ ಹೋಗೋ ವೈರು) ಬಿಚ್ಚಿ ನೋಡಿದ್ರೆ ತುದಿಯ ಲಗ್, ಅಂದ್ರೆ ಬೋಲ್ಟ್ ಹಾಕೋ ರಿಂಗಿನ ಕೆಳಗೆ ಪೂರ್ತಿ ಹಸಿರು ಕಿಲುಬು. ಕಾರು ಮೊದ್ಲು ಓಡಾಡಿದ್ದು ಉಡುಪಿ ಕಡೆ, ಉಪ್ಪುಗಾಳಿ, ಮಳೆ, ಎರಡೂ ತಿಂದಿದೆ.

ಇದೇ ವೈರನ್ನ ಓಮ್ಸ್ ರೇಂಜಲ್ಲೋ ಬೀಪಲ್ಲೋ ನೋಡಿದ್ರೆ ಸರಿ ಇದೆ ಅಂತಾನೇ ತೋರ್ಸತ್ತೆ. ಸ್ಟಾರ್ಟರ್ 100 ಆಂಪಿಯರ್ ಎಳೆಯುವಾಗ 0.01 ಓಮ್ ಇದ್ರೂ ಸಾಕು, 1 ವೋಲ್ಟ್ ಹೋಯ್ತು, ಅಷ್ಟು ಚಿಕ್ಕ ರೆಸಿಸ್ಟೆನ್ಸ್ ಇಂಥ ಮೀಟರ್ ಕಣ್ಣಿಗೆ ಬೀಳಲ್ಲ. ಅದಕ್ಕೇ ಕ್ರ್ಯಾಂಕ್ ಮಾಡ್ತಾನೇ, ಅಂದ್ರೆ ಸ್ಟಾರ್ಟರಿಂದ ಇಂಜಿನ್ ತಿರುಗಿಸ್ತಾನೇ ವೋಲ್ಟೇಜ್ ನೋಡ್ಬೇಕು. ವೋಲ್ಟೇಜ್ ಕಮ್ಮಿ ಆದ್ರೆ ಮೋಟರ್ ನಿಧಾನ ತಿರುಗತ್ತೆ, ಸ್ಟಾರ್ಟ್ ಆಗೋಕೆ ಜಾಸ್ತಿ ಹೊತ್ತು ಬೇಕು, ಬ್ರಷ್ಷು, ಅದು ಉಜ್ಜೋ ಕಮ್ಯುಟೇಟರ್ರು ಬಿಸಿ ಆಗ್ತವೆ, ಸೊಲೆನಾಯ್ಡ್ ಗಟ್ಟಿಯಾಗಿ ಎಳೆಯಲ್ಲ, ಕಾಂಟ್ಯಾಕ್ಟಲ್ಲಿ ಕಿಡಿ ಹಾರಿ ಹಾರಿ ಸುಟ್ಟೋಗ್ತವೆ. ಸ್ಟಾರ್ಟರ್ ಪಾಪ ಏನ್ಮಾಡತ್ತೆ! ಹೊಸ ಅರ್ತ್ ವೈರ್ ಹಾಕಿ, ಕೂರೋ ಜಾಗ ಮರಳು ಕಾಗದದಲ್ಲಿ ಉಜ್ಜಿ ಟೈಟ್ ಮಾಡಿದ್ಮೇಲೆ ಅದೇ ಸ್ಟಾರ್ಟರ್ ಇವತ್ತಿಗೂ ಓಡ್ತಿದೆ.

ಮೀಟರಿನ ಕೊರತೆನೂ ಹೇಳ್ತೀನಿ. ಡಿಸ್‌ಪ್ಲೇ ನಿಧಾನ, ಎರಡ್ಮೂರು ಸೆಕೆಂಡ್ ಕ್ರ್ಯಾಂಕ್ ಮಾಡಿದ್ರೇನೇ ನಂಬರ್ ನಿಲ್ಲೋದು. ಜೊತೆಗೆ ಬಂದ ವೈರುಗಳು ತೀರಾ ತೆಳು, ಬದಲಾಯಿಸ್ಕೊಂಡೆ. ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದ್ರೆ ರೀಡಿಂಗ್ ಇರೋದಕ್ಕಿಂತ ಜಾಸ್ತಿ ತೋರಿಸತ್ತೆ, ಹುಷಾರು. 10 ಆಂಪಿಯರ್ ಸಾಕೆಟ್ಟಲ್ಲಿ ಸ್ಟಾರ್ಟರ್ ಕರೆಂಟ್ ಅಳೆಯೋಕೆ ಹೋಗ್ಲೇಬೇಡಿ, ಅದಕ್ಕೆ ವೈರಿನ ಸುತ್ತ ಹಿಡ್ಸಿ ಅಳೆಯೋ ಡಿಸಿ ಕ್ಲಾಂಪ್ ಮೀಟರ್ರೇ ಬೇಕು. ಇನ್ನು ಮೋಟರ್ ಗಿರ್ರಂತ ತಿರುಗಿ ಇಂಜಿನ್ ತಿರುಗ್ದೇ ಇದ್ರೆ ಸಾಮಾನ್ಯವಾಗಿ ಅದು ಬೆಂಡಿಕ್ಸೋ (ಸ್ಟಾರ್ಟರನ್ನ ಇಂಜಿನ್ನಿಗೆ ಜೋಡಿಸೋ ಗೇರ್) ಇಂಜಿನ್ ಕಡೆಯ ರಿಂಗ್ ಗೇರಿನ ಹಲ್ಲೋ ಸವೆದಿರೋದು, ಅಲ್ಲಿ ಮೀಟರ್ ಕೆಲ್ಸಕ್ಕೆ ಬರಲ್ಲ, ಬಿಚ್ಚಿಸಿಯೇ ನೋಡ್ಬೇಕು.