ಡ್ರಮ್ ಸ್ಮೋಕರ್ ಇರುವವರು ಒಮ್ಮೆ ತಳ ನೋಡಿ: ನಮ್ಮ ಟೆರೇಸ್ ಮೇಲೆ ಆದದ್ದು

ಮನೆಯಲ್ಲೇ ಡ್ರಮ್ ಸ್ಮೋಕರ್, ಅಂದರೆ ಇದ್ದಿಲಿನ ಹೊಗೆಯಲ್ಲಿ ನಿಧಾನಕ್ಕೆ ಮಾಂಸ ಬೇಯಿಸುವ ಡ್ರಮ್, ಮಾಡಿಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಆಷಾಢದ ಕೊನೆಯ ಭಾನುವಾರ ನಮ್ಮ ಟೆರೇಸ್ ಮೇಲೆ ಜಿಡ್ಡಿಗೆ ಬೆಂಕಿ ಹತ್ತಿತು. ನನ್ನ ಭಾವಮೈದನ ಬಲಗೈ ಮೊಣಕೈವರೆಗೆ ಸುಟ್ಟಿತು. ಅವನ ತಪ್ಪೇನೂ ಇರಲಿಲ್ಲ. ಡ್ರಮ್ ನನ್ನದು, ಅದರ ತಳ ನೋಡದೆ ಬಿಟ್ಟವನೂ ನಾನೇ.

ನಮ್ಮ ಮನೆ ಬಸವೇಶ್ವರನಗರದಲ್ಲಿದೆ. 200 ಲೀಟರಿನ ಕಬ್ಬಿಣದ ಡ್ರಮ್ ಗುಜರಿಯಿಂದ ತಂದಿದ್ದೆ. ಅಡುಗೆ ಎಣ್ಣೆ ತುಂಬಿದ್ದ ಡ್ರಮ್ಮೇ ಬೇಕು ಅಂತ ಹುಡುಕಿ ತಂದದ್ದು. ಕೆಮಿಕಲ್ ತುಂಬಿದ್ದ ಡ್ರಮ್ ಎಷ್ಟೇ ಕಡಿಮೆಗೆ ಸಿಕ್ಕರೂ ಮುಟ್ಟಬೇಡಿ. ಕೆಳಗೆ ಗಾಳಿಗೆ ಮೂರು ತೂತು, ಅವಕ್ಕೆ ಮುಕ್ಕಾಲು ಇಂಚಿನ ಬಾಲ್ ವಾಲ್ವ್, ಮುಚ್ಚಳದಲ್ಲಿ ಹೊಗೆ ಹೋಗಲು ತೂತು, ಒಳಗೆ ಇದ್ದಿಲಿನ ಬುಟ್ಟಿ, ಮೇಲೆ ಜಾಲರಿ. ಬುಟ್ಟಿಗೂ ಡ್ರಮ್ಮಿನ ತಳಕ್ಕೂ ನಡುವೆ ಮೂರು ಇಂಚು ಜಾಗ. ಆ ಮೂರು ಇಂಚಿನ ಕಡೆ ನಾನು ಯಾವತ್ತೂ ಗಮನ ಕೊಟ್ಟಿರಲಿಲ್ಲ.

ಡ್ರಮ್ಮನ್ನು ದೋಸೆ ಕಾವಲಿಯಂತೆ ಪಳಗಿಸಬೇಕು ಅಂತ ನಂಬಿದ್ದೆ. ಅಮ್ಮ ಕಾವಲಿಗೆ ಸೋಪು ಮುಟ್ಟಿಸುವುದಿಲ್ಲ, ಒರೆಸಿ ಎಣ್ಣೆ ಸವರಿ ಎತ್ತಿಡುತ್ತಾರೆ. ಡ್ರಮ್ಮಿಗೂ ಮೊದಲ ಸಲ ಒಳಗೆಲ್ಲ ಎಣ್ಣೆ ಸವರಿ, ಇದ್ದಿಲು ಹಾಕಿ ಕಾಯಿಸಿದ್ದೆ. ತೆಳ್ಳಗೆ, ಗಟ್ಟಿಯಾಗಿ ಕಪ್ಪು ಪದರ ಕೂತಿತ್ತು. ಅದು ಒಳ್ಳೆಯದೇ, ತುಕ್ಕು ಹಿಡಿಯಲು ಬಿಡುವುದಿಲ್ಲ. ಆಮೇಲೆ ಆರೇಳು ಸಲ ಮಾಂಸ ಬೇಯಿಸಿದೆ. ಪ್ರತಿ ಸಲ ಬುಟ್ಟಿಯ ಬೂದಿ ಮಾತ್ರ ಕೊಡವಿ ಮುಚ್ಚಿಡುತ್ತಿದ್ದೆ. ಒಳಗೆ ಕಪ್ಪಗೆ ಮಿರಮಿರ ಅನ್ನುತ್ತಿದ್ದದ್ದೆಲ್ಲ ಪಳಗಿದ ಪದರ ಅಂದುಕೊಂಡಿದ್ದೆ. ಅದು ಹಸಿ ಜಿಡ್ಡು.

ಇನ್ನೊಂದು ವಿಷಯ. ಮಾಂಸದ ಕೆಳಗೆ ನಾನು ತಟ್ಟೆ ಇಡುತ್ತಿರಲಿಲ್ಲ. ನೆಣ ಕೆಂಡದ ಮೇಲೆ ಬಿದ್ದು ಚುರ್ ಅಂದಾಗ ಏಳುವ ಹೊಗೆಯಲ್ಲೇ ಈ ಅಡುಗೆಯ ರುಚಿ ಇರುವುದು. ಆ ಮಾತು ಸರಿಯೇ. ಆದರೆ ಬೀಳುವ ನೆಣವೆಲ್ಲ ಅಲ್ಲೇ ಉರಿದು ಹೋಗುವುದಿಲ್ಲ. ಎಷ್ಟೋ ಹನಿಗಳು ಇದ್ದಿಲಿನ ಸಂದಿಯಲ್ಲಿ ನುಸುಳಿ ತಳ ಸೇರುತ್ತವೆ. ಹೊರಗಿನ ಗಾಳಿ ಬರುವುದು ಅಲ್ಲಿಂದಲೇ ಆದ್ದರಿಂದ ತಳ ಅಷ್ಟು ಕಾಯುವುದಿಲ್ಲ. ನೆಣ ಅಲ್ಲೇ ಬೂದಿಯ ಜೊತೆ ಕಲಸಿಕೊಂಡು ಹೆಪ್ಪುಗಟ್ಟುತ್ತದೆ. ಬೂದಿ ಸುಮ್ನೆ ಕೂತಿರುವುದಿಲ್ಲ, ನೆಣ ಹೀರಿಕೊಂಡು ಹಣತೆಯ ಬತ್ತಿಯ ಕೆಲಸ ಮಾಡುತ್ತದೆ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಬೇಕಿತ್ತು.

ಆ ಭಾನುವಾರ ಶ್ರಾವಣ ಹಿಡಿಯುವ ಮೊದಲಿನ ಕೊನೆಯ ಬಾಡೂಟ. ನೆಂಟರೆಲ್ಲ ಬಂದಿದ್ದರು. ತೊಗಲು ಸಮೇತ ಐದು ಕೆಜಿ ಹಂದಿ ಹೊಟ್ಟೆಭಾಗ ತಂದು ಬೆಳಗ್ಗೆ ಎಂಟಕ್ಕೇ ಇಟ್ಟೆ. ಜನ ಜಾಸ್ತಿ ಅಂತ ಇದ್ದಿಲೂ ಜಾಸ್ತಿ ಸುರಿದಿದ್ದೆ. ಡ್ರಮ್ಮಿನ ಥರ್ಮಾಮೀಟರಿನ ಮುಳ್ಳು 120 ಡಿಗ್ರಿಯಲ್ಲಿ ಚೆನ್ನಾಗಿ ನಿಂತಿತ್ತು. ಹನ್ನೊಂದರ ಹೊತ್ತಿಗೆ ಗಾಳಿ ಜೋರಾಯಿತು. ಆಷಾಢದಲ್ಲಿ ಬೆಂಗಳೂರಿನ ಟೆರೇಸ್ ಮೇಲೆ ಬಟ್ಟೆ ಒಣಹಾಕಿದವರಿಗೆ ಆ ಗಾಳಿ ಗೊತ್ತು. ಅದು ನೇರ ಕೆಳಗಿನ ವಾಲ್ವಿಗೆ ಬಡಿಯುತ್ತಿತ್ತು. ಮುಳ್ಳು 150ಕ್ಕೆ ಬಂತು, ಆಮೇಲೆ 180. ಎರಡು ವಾಲ್ವ್ ಮುಚ್ಚಿದರೂ ಇಳಿಯಲಿಲ್ಲ. ತೆಳ್ಳಗೆ ನೀಲಿಯಾಗಿ ಬರುತ್ತಿದ್ದ ಹೊಗೆ ದಟ್ಟವಾಗಿ, ಹಳದಿ ಬಿಳಿಗೆ ತಿರುಗಿ, ಮೂಗಿಗೆ ಕಾರ ಹೊಡೆಯಿತು.

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಏನಾಗಿದೆ ನೋಡೋಣ ಅಂತ ಮುಚ್ಚಳ ಎತ್ತಿದೆ.

ಒಳಗೆ ಗಾಳಿ ಸಾಲದೆ ತಡೆದಿದ್ದ ಬೆಂಕಿ ಒಂದೇ ಸಲಕ್ಕೆ ಆಳೆತ್ತರ ಎದ್ದಿತು. ಗಾಬರಿಯಲ್ಲಿ ಮುಚ್ಚಳ ಕೈಬಿಟ್ಟೆ. ನಾಲ್ಕಡಿ ದೂರದಲ್ಲಿ ಪ್ಲಾಸ್ಟಿಕ್ ನೀರಿನ ಟ್ಯಾಂಕು, ಪಕ್ಕದಲ್ಲೇ ಬಟ್ಟೆ ಹಗ್ಗ. "ಭಾವ, ಹಿಂದೆ ಬನ್ನಿ" ಅಂತ ಕೂಗಿ ಭಾವಮೈದ ಬಕೆಟ್ ನೀರು ಎತ್ತಿ ಸುರಿದೇಬಿಟ್ಟ. ಉರಿಯುವ ಎಣ್ಣೆ, ಕೊಬ್ಬಿಗೆ ನೀರು ಹಾಕಬಾರದು ಅಂತ ಎಲ್ಲರೂ ಕೇಳಿರುತ್ತೇವೆ, ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ. ನೀರು ಕೊಬ್ಬಿಗಿಂತ ಭಾರ. ಕೆಳಗೆ ಇಳಿದು ತಕ್ಷಣ ಆವಿಯಾಗುತ್ತದೆ. ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಮೇಲಿದ್ದ ಉರಿಯುವ ಕೊಬ್ಬನ್ನೆಲ್ಲ ಎತ್ತಿ ಎರಚುತ್ತದೆ. ಅದೇ ಅವನ ಕೈಮೇಲೆ ಬಿತ್ತು.

ಪಕ್ಕದ ಮನೆ ಆಂಟಿ 112ಕ್ಕೆ ಫೋನ್ ಮಾಡಿದರು. ನಾನು ಬಿದ್ದಿದ್ದ ಮುಚ್ಚಳವನ್ನು ಉದ್ದನೆ ಕೋಲಲ್ಲಿ ತಳ್ಳಿ ಹೇಗೋ ಡ್ರಮ್ಮಿನ ಮೇಲೆ ಕೂರಿಸಿದೆ. ದಪ್ಪ ಗ್ಲೌಸ್ ಹಾಕಿ ಮೂರೂ ವಾಲ್ವ್ ಮುಚ್ಚಿದೆ, ಮೇಲಿನ ತೂತುಗಳ ಮೇಲೆ ಮರಳು ಸುರಿದೆ. ಗಾಳಿ ನಿಂತ ಮೇಲೆ ಬೆಂಕಿ ತಾನೇ ಸತ್ತಿತು. ಮೊದಲೇ ಮುಚ್ಚಳ ತೆಗೆಯದೆ ಇಷ್ಟನ್ನೇ ಮಾಡಿದ್ದರೆ ಮಾಂಸ ಸೀದು ಹೋಗುತ್ತಿತ್ತು, ಅಷ್ಟೆ.

ಕೈಗೆ ಯಾರೋ ಟೂತ್‌ಪೇಸ್ಟ್ ತಂದರು. ನನ್ನ ಹೆಂಡತಿ ಹಚ್ಚಲು ಬಿಡಲಿಲ್ಲ. ತಮ್ಮನ ವಾಚು, ಉಂಗುರ ಬಿಚ್ಚಿಸಿ, 20 ನಿಮಿಷ ನಲ್ಲಿ ನೀರಿನ ಕೆಳಗೇ ಕೈ ಹಿಡಿಸಿದಳು. ಆಸ್ಪತ್ರೆಯಲ್ಲಿ ಡಾಕ್ಟರ್, ಅದರಿಂದ ತುಂಬಾ ಉಪಕಾರವಾಯಿತು ಅಂದರು. ಐಸ್, ಶಾಯಿ, ಕಾಫಿ ಪುಡಿ ಯಾವುದೂ ಬೇಡ.

ಮಾರನೇ ದಿನ ಡ್ರಮ್ ಮಗುಚಿ ನೋಡಿದೆ. ಅಷ್ಟು ಉರಿದ ಮೇಲೂ ಒಂದು ಬದಿಯಲ್ಲಿ ಎರಡು ಬೆರಳು ದಪ್ಪ ಜಿಡ್ಡು ಬೂದಿ ಉಳಿದಿತ್ತು. ಹಂದಿ ನೆಣ ಸುಮಾರು 190 ಡಿಗ್ರಿಗೇ ಹೊಗೆಯಾಡಲು ಶುರುವಾಗುತ್ತದೆ. ಕಾದು ಹೊಗೆಯಾಡುವ ಜಿಡ್ಡಿನ ಮೇಲೆ ಬುಟ್ಟಿಯಿಂದ ನಿಗಿನಿಗಿ ಕೆಂಡ ಉದುರಿದರೆ ಇನ್ನೇನು ಆಗುತ್ತದೆ ಹೇಳಿ.

ಪಳಗಿದ ಪದರ ಯಾವುದು, ಜಿಡ್ಡು ಯಾವುದು ಅಂತ ಗೊತ್ತಾಗಬೇಕಾದರೆ ತಣ್ಣಗಿರುವಾಗ ಹಳೇ ಪೇಪರ್ ಒತ್ತಿ ನೋಡಿ. ಬರೀ ಮಸಿ ಹತ್ತಿದರೆ ಪರವಾಗಿಲ್ಲ. ಬೋಂಡ ಕಟ್ಟಿದ ಪೇಪರ್ ಥರ ಎಣ್ಣೆ ಕಲೆ ಬಿದ್ದರೆ ಕೆರೆಯಲೇಬೇಕು. ನಾನೀಗ ಪ್ರತಿ ಅಡುಗೆ ಆದ ಮೇಲೆ ಕೆರೆಯುತ್ತೇನೆ. ಕೆಂಡ ಪೂರ್ತಿ ಆರಿರಬೇಕು, ಡ್ರಮ್ ಇನ್ನೂ ಉಗುರುಬೆಚ್ಚಗಿರಬೇಕು, ಆಗ ಜಿಡ್ಡು ಸಲೀಸಾಗಿ ಬಿಡುತ್ತದೆ. ಪೇಂಟರ್‌ಗಳು ಗೋಡೆ ಕೆರೆಯುವ ಪಟ್ಟಿ ಸಾಕು. ಜಾಲರಿಗೆ ತಂತಿ ಬ್ರಷ್ ಬೇಡ, ಕಡ್ಡಿ ಮುರಿದು ಮಾಂಸಕ್ಕೆ ಅಂಟಿದರೆ ಹೊಟ್ಟೆ ಸೇರುತ್ತದೆ. ತೆಂಗಿನ ನಾರು ಒಳ್ಳೆಯದು. ಜಿಡ್ಡನ್ನು ಉರಿಸಿಯೇ ಕಳೆದುಬಿಡಿ ಅಂತ ಕೆಲವರು ಹೇಳುತ್ತಾರೆ. ತಳದಲ್ಲಿ ಬೆರಳುದ್ದ ಜಿಡ್ಡು ಇಟ್ಟುಕೊಂಡು ಹಾಗೆ ಮಾಡಿದರೆ ನಮ್ಮ ಮನೆಯಲ್ಲಾದದ್ದೇ ಮತ್ತೆ ಆಗುತ್ತದೆ.

ಈಗ ಕೆಂಡಕ್ಕೂ ಮಾಂಸಕ್ಕೂ ನಡುವೆ ಅಗಲವಾದ ಸ್ಟೀಲ್ ತಟ್ಟೆ ಇಟ್ಟು ನೀರು ತುಂಬುತ್ತೇನೆ. ರುಚಿ ಸ್ವಲ್ಪ ಕಡಿಮೆ, ನಿಜ. ಆದರೆ ಐದು ಕೆಜಿಗೆ ಹೆಚ್ಚುಕಡಿಮೆ ಅರ್ಧ ಲೀಟರ್ ನೆಣ ಆ ತಟ್ಟೆಯಲ್ಲೇ ನಿಲ್ಲುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತಟ್ಟೆಯಲ್ಲಿ ನೀರಿರುವವರೆಗೂ ನೆಣ ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ನೀರು ಬತ್ತಿದರೆ ಕಥೆ ಬೇರೆ. ಗಂಟೆಗೊಮ್ಮೆ ನೋಡಿ, ಇನ್ನೂ ನೀರಿರುವಾಗಲೇ ಬಿಸಿನೀರು ಸೇರಿಸಿ. ಪೂರ್ತಿ ಬತ್ತಿ ಬರೀ ನೆಣ ಕುದಿಯುತ್ತಿದ್ದರೆ ನೀರು ಹಾಕಲೇಬೇಡಿ. ಮುಚ್ಚಳ ಹಾಕಿ, ವಾಲ್ವ್ ಮುಚ್ಚಿ, ತಣ್ಣಗಾಗಲು ಬಿಡಿ.

ಕೆರೆದ ಜಿಡ್ಡನ್ನು ಮೋರಿಗೆ ಸುರಿಯಬೇಡಿ, ಪೈಪಿನಲ್ಲಿ ಕಲ್ಲಾಗುತ್ತದೆ. ಪೇಪರಿನಲ್ಲಿ ಸುತ್ತಿ ಕಸದವರಿಗೆ ಕೊಡಿ. ಬೂದಿಯನ್ನು ಕಬ್ಬಿಣದ ಬಕೆಟಿನಲ್ಲಿ ಮುಚ್ಚಿ ಎರಡು ದಿನ ಇಟ್ಟು ಆಮೇಲೆ ಕಸದ ಆಟೋಗೆ ಹಾಕಿ. ಒಳಗೆ ಕಾಣದ ಕೆಂಡ ಮರುದಿನವೂ ಬದುಕಿರುತ್ತದೆ. ಮಳೆಗಾಲದಲ್ಲಿ ಡ್ರಮ್ಮಿಗೆ ನೀರು ಇಳಿಯದಂತೆ ಮುಚ್ಚಿಡಿ. ಜಿಡ್ಡಿನ ಕೆಳಗೆ ಮಳೆನೀರು ನಿಂತಿದ್ದು ಮೇಲೆ ಬೆಂಕಿ ಹತ್ತಿದರೆ, ಬಕೆಟ್ ನೀರು ಸುರಿದಾಗ ಆದದ್ದೇ ಒಳಗಿಂದ ಆಗುತ್ತದೆ.

ಭಾವಮೈದನ ಗಾಯ ಮಾಗಿದೆ. ಮಣಿಕಟ್ಟಿನ ಹತ್ತಿರ ಚರ್ಮ ಇನ್ನೂ ಬೆಳ್ಳಗಿದೆ, ಬಿಸಿಲಿಗೆ ಉರಿಯುತ್ತದೆ ಅಂತಾನೆ. ಗಾಡಿ ಓಡಿಸುವಾಗ ಅವನು ಉದ್ದ ತೋಳಿನ ಅಂಗಿಯನ್ನೇ ಹಾಕಿಕೊಳ್ಳುತ್ತಾನೆ.