‘ಮೈನರ್’ ಅಂತ ದುಡ್ಡು ಕಟ್ಟೋ ಮೊದಲು ಒಂದು ಸಲ ನಿಮ್ಮ ಕಾಲೇಜಿನ ಆಫೀಸಿಗೆ ಹೋಗಿ

ತುಮಕೂರಿನಲ್ಲಿ ಬಿಕಾಂ, ಬಿಎ, ಬಿಬಿಎ ಓದುತ್ತಿರುವವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೆ ‘ಮೈನರ್’, ಅಂದರೆ ಡಿಗ್ರಿಯ ಜೊತೆಗೆ ಓದುವ ಇನ್ನೊಂದು ವಿಷಯ, ಕೊಡ್ತೀವಿ ಅಂತ ನನ್ನಿಂದ ದುಡ್ಡು ಕಟ್ಟಿಸಿಕೊಂಡ ಇನ್‌ಸ್ಟಿಟ್ಯೂಟಿನ ಜನ ನಿನ್ನೆ ಮತ್ತೆ ನಮ್ಮ ಕಾಲೇಜಿನ ಗೇಟ್ ಹತ್ತಿರ ಪಾಂಪ್ಲೆಟ್ ಹಂಚುತ್ತಿದ್ದರು. ಹೊಟ್ಟೆ ಉರಿದು ಕೂತಿದ್ದೇನೆ.

ನಾನು ಬಿಕಾಂ. ಗುಬ್ಬಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಮನೆಯಲ್ಲಿ ಯಾವ ಫಂಕ್ಷನ್ ಆದರೂ ಇಂಜಿನಿಯರಿಂಗ್ ಓದುವ ಕಸಿನ್ ಮುಂದೆ ನಿಲ್ಲಿಸಿ ‘ನೀನು ಮುಂದೆ ಏನು, ಟ್ಯಾಲಿನಾ?’ ಅಂತ ಕೇಳುತ್ತಾರೆ. ಅದಕ್ಕೇ ಬಿ.ಎಚ್. ರಸ್ತೆಯ ಒಂದು ಇನ್‌ಸ್ಟಿಟ್ಯೂಟಿನ ಬೋರ್ಡ್ ಕಣ್ಣಿಗೆ ಬಿತ್ತು ಅನ್ನಿಸುತ್ತೆ. ‘ಇಂಜಿನಿಯರಿಂಗ್ ಓದದವರಿಗೂ ಡೇಟಾ ಸೈನ್ಸ್ ಮತ್ತು ಎಐನಲ್ಲಿ ಮೈನರ್. 20 ಕ್ರೆಡಿಟ್.’ ಕ್ರೆಡಿಟ್ ಅಂದರೆ ಎಷ್ಟು ಪಾಠ ಓದಿದ್ದೇವೆ ಅನ್ನೋದರ ಅಳತೆ. ಆರು ತಿಂಗಳಿಗೆ 32 ಸಾವಿರ.

ಕೌನ್ಸೆಲರ್ ಮಾತು ಬೆಣ್ಣೆ. ‘2024ರಲ್ಲಿ ಸರ್ಕಾರ ನಾಲ್ಕು ವರ್ಷದ ಡಿಗ್ರಿ ತೆಗೆದು ಮತ್ತೆ ಮೂರು ವರ್ಷ ಮಾಡ್ತಲ್ಲ, ಆ ಗ್ಯಾಪ್ ತುಂಬೋಕೇ ನಮ್ಮ ಮೈನರ್’ ಅಂದರು. ಮೂರು ವರ್ಷ ಆಗಿದ್ದು ನಿಜ. ಉಳಿದದ್ದು ಬುರುಡೆ. ಒಂದು ನಿಜದ ಬಾಲಕ್ಕೆ ಹತ್ತು ಸುಳ್ಳು ಕಟ್ಟಿದರೆ ನಮ್ಮಂಥವರಿಗೆ ಗೊತ್ತಾಗಲ್ಲ. ನನಗಂತೂ ಗೊತ್ತಾಗಲಿಲ್ಲ.

ಕ್ಲಾಸು ಶನಿವಾರ ಮಾತ್ರ, ಎರಡು ಗಂಟೆ. ಮೊದಲ ಎರಡು ವಾರ ಒಬ್ಬರು ಬಂದು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಟ್ಟರು, ಚೆನ್ನಾಗಿಯೇ ಇತ್ತು. ಮೂರನೇ ವಾರದಿಂದ ಅವರು ಕಾಣಲಿಲ್ಲ. ಪ್ರೊಜೆಕ್ಟರ್ ಹಾಕಿ ‘ನಮ್ಮ ಸೀನಿಯರ್ ಪ್ರೊಫೆಸರ್ ಲೆಕ್ಚರ್’ ಅಂತ ವಿಡಿಯೋ ಬಿಟ್ಟರು. ಮೂಲೆಯಲ್ಲಿ ಇನ್‌ಸ್ಟಿಟ್ಯೂಟಿನ ಲೋಗೋ, ಸ್ವಲ್ಪ ಓರೆಯಾಗಿ. ಪಾಠದ ಮಧ್ಯೆ ಆ ಪ್ರೊಫೆಸರ್ ‘ಈ ವಾರದ ಅಸೈನ್‌ಮೆಂಟನ್ನು ಪೋರ್ಟಲ್‌ನಲ್ಲಿ ಹಾಕಿ’ ಅಂದರು. ಯಾವ ಪೋರ್ಟಲ್? ನಮಗೆ ಯಾವ ಪೋರ್ಟಲ್ಲೂ ಕೊಟ್ಟಿರಲಿಲ್ಲ. ಕೇಳಿದರೆ ವಿಡಿಯೋ ಹಾಕುವ ಹುಡುಗ ‘ಅದನ್ನ ತಲೆಗೆ ಹಚ್ಕೋಬೇಡಿ’ ಅಂದ.

ಪಕ್ಕದಲ್ಲಿದ್ದ ಗೆಳತಿ ಫೋನಿನಲ್ಲಿ ಹುಡುಕಿದಳು. ಐದೇ ನಿಮಿಷ. ಅದೇ ಪ್ರೊಫೆಸರ್, ಅದೇ ನೀಲಿ ಶರ್ಟು, ಅದೇ ಸ್ಲೈಡು. ಎನ್‌ಪಿಟಿಇಎಲ್ ಪಾಠ! ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವುದು, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಒಂದು ಕೋರ್ಸಿಗೆ 1,000 ರೂಪಾಯಿ. ಮುಂದೆ ಪ್ರೊಜೆಕ್ಟರ್‌ನಲ್ಲಿ 32 ಸಾವಿರದ ಪ್ರೊಫೆಸರ್, ನಮ್ಮ ಕೈಯಲ್ಲಿ ಪುಕ್ಕಟೆ ಪ್ರೊಫೆಸರ್. ಇಬ್ಬರೂ ಒಟ್ಟಿಗೆ ತುಟಿ ಅಲ್ಲಾಡಿಸುತ್ತಿದ್ದಾರೆ. ಗೆಳತಿಗೆ ನಗು ಬಂತು. ನನಗೆ ಅಪ್ಪ ನೆನಪಾದರು.

ಕೆಳಗೆ ಹೋಗಿ ಇನ್‌ಸ್ಟಿಟ್ಯೂಟಿನವರನ್ನು ಕೇಳಿದೆ. ‘ಕಂಟೆಂಟ್ ಎಲ್ಲಿಂದಾದ್ರೂ ಇರಲಿ, ಗೈಡೆನ್ಸ್ ನಮ್ದಲ್ವಾ?’ ಅಂದರು. ಯಾವ ಗೈಡೆನ್ಸು? ಪ್ರೊಜೆಕ್ಟರ್ ಆನ್ ಮಾಡಿದ್ದಾ?

ಮಾರನೇ ದಿನವೇ ಕಾಲೇಜು ಆಫೀಸಿಗೆ ಹೋದೆ. ಮೊದಲೇ ಹೋಗಬೇಕಿತ್ತು, ಗೊತ್ತು, ಯಾರೂ ಬೈಯಬೇಡಿ. ಅಲ್ಲಿನ ಕ್ಲರ್ಕ್ ರಸೀದಿ ತಿರುಗಿಸಿ ಮುರುಗಿಸಿ ನೋಡಿ, ‘ಇದು ಮಾರ್ಕ್ಸ್ ಕಾರ್ಡಲ್ಲಿ ಬರಲ್ಲಮ್ಮ. ಮೈನರ್ ಅಂತ ಬರೆಯೋದು ಡಿಗ್ರಿ ಕೊಡೋ ಯೂನಿವರ್ಸಿಟಿ. ಹೊರಗಿನವರು ಕೊಡೋದು ಬರೀ ಸರ್ಟಿಫಿಕೇಟು’ ಅಂದರು. ಡಿಜಿಲಾಕರ್‌ನಲ್ಲಿ ನನ್ನ ಎಬಿಸಿ ಖಾತೆ, ಅಂದರೆ ಓದಿ ಗಳಿಸಿದ ಕ್ರೆಡಿಟ್‌ಗಳು ಜಮಾ ಆಗೋ ಖಾತೆ, ತೆಗೆಸಿ ತೋರಿಸಿದರು. ಇನ್‌ಸ್ಟಿಟ್ಯೂಟಿನ ಹೆಸರಲ್ಲಿ ಒಂದು ಕ್ರೆಡಿಟ್ಟೂ ಇಲ್ಲ. ಬರೋದೂ ಇಲ್ಲ.

ಕಸಿನ್‌ಗೆ ಫೋನ್ ಮಾಡಿದೆ, ಅವಮಾನ ನುಂಗಿಕೊಂಡು. ಇಂಜಿನಿಯರಿಂಗ್‌ನಲ್ಲಿ ಮೈನರ್ ಅಂದರೆ ಮಾಮೂಲಿ ಕ್ರೆಡಿಟ್ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್ ಓದಬೇಕಂತೆ. ಒಂದು ಕ್ರೆಡಿಟ್ಟಿಗೆ ಸುಮಾರು 15 ಗಂಟೆ ಪಾಠ. ಬಿಕಾಂ ಅಲ್ವಾ, ಲೆಕ್ಕ ಹಾಕಿದೆ. 20 ಕ್ರೆಡಿಟ್ ಅಂದರೆ 300 ಗಂಟೆ. ಇವರದು ವಾರಕ್ಕೆ ಎರಡು ಗಂಟೆ, 24 ವಾರ, ಒಟ್ಟು 48. ಹಬ್ಬದ ರಜೆ ಕಳೆದರೆ ಅದೂ ಇಲ್ಲ. ಈ ಲೆಕ್ಕ ಸೇರುವ ಮೊದಲು ಹಾಕಲಿಲ್ಲವಲ್ಲ ಅಂತ ಇವತ್ತಿಗೂ ನಿದ್ದೆ ಬರಲ್ಲ.

ದುಡ್ಡು ವಾಪಸ್ ಕೇಳಿದಾಗ ಬಂದ ಉತ್ತರಗಳು: ‘ಮೇಡಂ, ನಾವು ಮೈನರ್ ಅಂದಿದ್ವಿ, ಡಿಗ್ರಿ ಅಂದಿರ್ಲಿಲ್ಲ.’ ‘ಫಾರ್ಮ್ ಓದಿ ತಾನೇ ಸೈನ್ ಮಾಡಿದ್ದು?’ ‘ಬೇಕಾದ್ರೆ ಇಂಟರ್ನ್‌ಶಿಪ್ ಲೆಟರ್ ಕೊಡ್ತೀವಿ.’ ಮಾಡದ ಇಂಟರ್ನ್‌ಶಿಪ್ಪಿಗೆ ಲೆಟರ್!

ಇನ್ನೊಂದು ಏಟು. ಸೇರುವಾಗ ‘ಕಂತಿನಲ್ಲಿ ಕಟ್ಟಿ’ ಅಂತ ಅಪ್ಪನ ಆಧಾರ್, ಪ್ಯಾನ್ ತೆಗೆದುಕೊಂಡು ಓಟಿಪಿ ಕೇಳಿದ್ದರಲ್ಲ, ಅದು ಕಂತಲ್ಲ, ಫೈನಾನ್ಸ್ ಕಂಪನಿಯ ಸಾಲ. ಅಪ್ಪನ ಹೆಸರಲ್ಲಿ. ನಾನು ಕ್ಲಾಸ್ ಬಿಟ್ಟರೂ ಇಎಂಐ ನಿಲ್ಲಲ್ಲ. ಪ್ರತಿ ತಿಂಗಳು 5ನೇ ತಾರೀಕು ಅಪ್ಪನ ಖಾತೆಯಿಂದ ಹೋಗುತ್ತಲೇ ಇದೆ. ಕಾಯಿ ಮಾರಿದ ದುಡ್ಡು ಅದು.

ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದು ನನ್ನ ಮಾರ್ಕ್ಸ್ ಕಾರ್ಡ್‌ನಲ್ಲಿ ಬರುತ್ತಾ? ಬರುತ್ತೆ ಅಂದರೆ ಬರವಣಿಗೆಯಲ್ಲಿ ಕೊಡಿ ಅನ್ನಿ. ಓಟಿಪಿ ಕೊಡಬೇಡಿ. ಕಲಿಯೋ ಆಸೆ ಇದ್ದರೆ ಸುಮ್ನೆ ಎನ್‌ಪಿಟಿಇಎಲ್‌ನಲ್ಲಿ ಶುರು ಮಾಡಿ. ಡಿಗ್ರಿಯೇ ಬೇಕಾದರೆ ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಬಿಎಸ್ ಆನ್‌ಲೈನ್‌ನಲ್ಲಿದೆ, ಬಿಕಾಂನವರೂ ಸೇರಬಹುದು, ಜೆಇಇ ಬೇಡ. ಅವರದೇ ಅರ್ಹತಾ ಪರೀಕ್ಷೆ ಪಾಸಾಗಬೇಕು, ಫೀಸೂ ಇದೆ, ಸುಲಭ ಅಲ್ಲ. ನಾನು 1915ಕ್ಕೆ, ಅದೇ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ.

ದೂರಿನ ವಿಷಯ ತಿಳಿದ ಮೇಲೆ ಕೌನ್ಸೆಲರ್ ಕಳಿಸಿದ ಮೆಸೇಜು: ‘ನಿಮ್ಮ ಫ್ರೆಂಡ್ಸ್ ಇಬ್ಬರನ್ನ ಸೇರಿಸಿ, ನಿಮಗೆ 4 ಸಾವಿರ ಅಡ್ಜಸ್ಟ್ ಮಾಡ್ತೀವಿ.’ ಕೊನೆಗೊಂದು ಸ್ಮೈಲಿ ಬೇರೆ.